ಆಸ್ಟರ್‌ಗೆ ಬಲ್ಬ್ ಹಾಕಿದೆ, ಕಡ್ಡಿ ಉದ್ದ ಬಂತು

ಮಲೆನಾಡಿನಲ್ಲಿ ಆಸ್ಟರ್ ಹೂ ಆಗಲ್ಲ, ಅದೇನಿದ್ದರೂ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೆಳೆ ಅಂತ ಹೇಳಿದವರೇ ಎಲ್ಲ. ಈ ಜನವರಿಯಲ್ಲಿ ಹೊಸನಗರದ ನಮ್ಮ ಹಿತ್ತಲಿನಿಂದ ಒಂದೂವರೆ ಅಡಿ ಕಡ್ಡಿಯ ಆಸ್ಟರ್ ಶಿವಮೊಗ್ಗಕ್ಕೆ ಹೋಯಿತು.

ಅದಕ್ಕೆ ಮುಂಚೆ ಹಾಕಿದ ಮಳೆಗಾಲದ ಸಸಿಯಂತೂ ಬುಡ ಕೊಳೆತು ಮಲಗಿತು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಸುರಿದರೂ ಕೊಳೆ ನಿಲ್ಲಲಿಲ್ಲ. ಆಮೇಲೆ ಒಂದು ಅಂಗಡಿಯಿಂದ ತಂದ ಬೀಜ ಹತ್ತಕ್ಕೆ ಎರಡೂ ಹುಟ್ಟಲಿಲ್ಲ. ಆಸ್ಟರ್ ಬೀಜ ಹಳೆಯದಾದರೆ ಬೇಗ ಸಾಯುತ್ತದೆ, ಆ ವರ್ಷದ ಬೀಜವೇ ಬೇಕು. ಅದು ಸಿಕ್ಕಿತು ಅನ್ನುವಷ್ಟರಲ್ಲಿ ಸೊರಗು ರೋಗ ಬಂತು. ಮೊಗ್ಗು ಕಟ್ಟಿದ ಗಿಡ ಒಂದೇ ಪಕ್ಕ ಹಳದಿಯಾಗಿ ಜೋತುಬಿತ್ತು. ಬುಡ ಸೀಳಿ ನೋಡಿದರೆ ಒಳಗೆ ಕಂದು ಗೆರೆ. ಆ ಮಡಿಯಲ್ಲಿ ಈಗ ಬರೀ ಚೆಂಡು ಹೂ ಹಾಕುತ್ತೇನೆ.

ಇಷ್ಟೆಲ್ಲ ದಾಟಿ ಹೂ ಬಂದರೆ ಕಡ್ಡಿ ಗೇಣುದ್ದ! ಬೊಕೆ ಮಾಡುವವರು ಮುಟ್ಟಲಿಲ್ಲ. ಬಿಡಿ ಹೂವಾಗಿ ಕಿಲೋಗೆ 50-60 ರೂಪಾಯಿ ಸಿಕ್ಕಿತು. ಬಸ್ ಚಾರ್ಜು ಕಳೆದರೆ ಏನೂ ಉಳಿಯಲಿಲ್ಲ.

ಚಳಿಗಾಲದಲ್ಲಿ ಹಗಲು ಚಿಕ್ಕದು ಅಲ್ವಾ? ಆಸ್ಟರ್‌ಗೆ ಹಗಲು ಉದ್ದ ಇದ್ದರೇನೇ ಕಡ್ಡಿ ಏಳುವುದು. ಸರಿ, ಹಗಲನ್ನೇ ಉದ್ದ ಮಾಡೋಣ ಅಂತ ಮಡಿಯ ಮೇಲೆ ವೈರ್ ಎಳೆದು 9 ವ್ಯಾಟಿನ ಆರು ಎಲ್ಇಡಿ ಬಲ್ಬ್ ಇಳಿಬಿಟ್ಟೆ. ಇಬ್ಬನಿ ಬೀಳದ ಹಾಗೆ ಹೋಲ್ಡರ್‌ಗೆ ಅರ್ಧ ಕತ್ತರಿಸಿದ ನೀರಿನ ಬಾಟಲಿ ಕವುಚಿದೆ. ಸಂಜೆ ಆರರಿಂದ ಹತ್ತರವರೆಗೆ ಲೈಟು. "ಅಲ್ಲ ಮಾರಾಯ್ತಿ, ಹೂವಿಗೂ ಕರೆಂಟಾ?" ಅಂತ ಪಕ್ಕದ ಮನೆ ಅಕ್ಕ ಬೇಲಿ ಹತ್ತಿರವೇ ನಿಂತು ಕೇಳಿದರು. ತಿಂಗಳಿಗೆ ಆರೇಳು ಯೂನಿಟ್ ಅಷ್ಟೇ. ಒಂದೆರಡು ರಾತ್ರಿ ಕರೆಂಟ್ ಹೋದದ್ದರಿಂದ ತೊಂದರೆ ಕಾಣಲಿಲ್ಲ.

ನನ್ನ ಲೆಕ್ಕ ಹಬ್ಬದ್ದು. ಚೌತಿ ಹೊತ್ತಿಗೆ ಮಾಡಿನ ಕೆಳಗೆ ಬೀಜ, ದಸರಾ ಕಳೆದು ನಾಟಿ, ದೀಪಾವಳಿಗೆ ಬಲ್ಬ್. ಮೊಗ್ಗು ಕಣ್ಣಿಗೆ ಬಿದ್ದ ಮೇಲೆ ಲೈಟು ಬಂದ್. ತಳಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕಾಮಿನಿ ಮತ್ತು ಪೂರ್ಣಿಮಾ. ಗಿಡ ವಾಲದ ಹಾಗೆ ಅಡಿಕೆ ದಬ್ಬೆ ಊರಿ ಸುತಲಿ ಕಟ್ಟಿದೆ. ನಾಟಿಗೆ ಮುಂಚೆ ಗುಂಡಿಗೆ ಒಂದು ಕಷಾಯ ಹಾಕುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಲ್ಬಿನ ಅಂಚಿಗೆ ನಾಲ್ಕು ಸೇವಂತಿಗೆ ಗಿಡ ಇಟ್ಟು ನೋಡಿದೆ. ಸೊಂಟದೆತ್ತರ ಬೆಳೆದವು, ಆದರೆ ಮೊಗ್ಗಿಲ್ಲ! ಅಂಗಳದ ಕತ್ತಲಲ್ಲಿದ್ದ ಅದೇ ಸೇವಂತಿಗೆ ಮೈತುಂಬ ಹೂ ಬಿಟ್ಟಿತ್ತು. ಅದಕ್ಕೆ ಬೇಕಾದದ್ದು ಉದ್ದ ರಾತ್ರಿ. ಎರಡನ್ನೂ ಒಂದೇ ಕಡೆ ಹಾಕಬೇಡಿ.

ಸುಮಾರು 300 ಗಿಡದಿಂದ ಹತ್ತತ್ತು ಕಡ್ಡಿಯ ನೂರೈವತ್ತು ಕಟ್ಟು ಬಂದಿರಬೇಕು. ಕಟ್ಟಿಗೆ 25ರಿಂದ 30 ರೂಪಾಯಿ. ಬೀಜ, ವೈರ್, ಬಲ್ಬ್ ಎಲ್ಲ ಸೇರಿ ಸಾವಿರದ ಮುನ್ನೂರು ಖರ್ಚು. ಗೊಬ್ಬರ ಕೊಟ್ಟಿಗೆಯದ್ದೇ. ಮೊದಲ ಕೊಯ್ಲಿಗೇ ಬಲ್ಬಿನ ದುಡ್ಡು ಹುಟ್ಟಿತು. ಹೊರಸುತ್ತಿನ ದಳ ಪೂರಾ ಬಿಚ್ಚಿದ ಹೂವನ್ನೇ ಬೆಳಿಗ್ಗೆ ಕೊಯ್ದು ಬಕೆಟ್ ನೀರಿಗೆ ಇಳಿಸುತ್ತಿದ್ದೆ.

ಬರುವ ಚೌತಿಗೆ ಇನ್ನೊಂದು ಮಡಿ ಜಾಸ್ತಿ ಮಾಡುತ್ತೇನೆ. ಪಕ್ಕದ ಮನೆ ಅಕ್ಕನೂ ಈಗ ಬೀಜ ಕೇಳಿಟ್ಟಿದ್ದಾರೆ.