ಆರನೆಯ ಲೋಟದ ನೀರು

ನಾನು ಬಿ.ಎ. ಓದಿದವನು. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಬಂದದ್ದು ನಲವತ್ತೊಂದು ಅಂಕ. ಮುಂಡರಗಿ ತಾಲ್ಲೂಕಿನ ನಮ್ಮೂರ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮೇಲ್ವಿಚಾರಕನಾಗಿ ಹನ್ನೊಂದು ವರ್ಷವಾಯಿತು. ಈಗ ಬಾಗಿಲ ಮೇಲೆ ‘ಅರಿವು ಕೇಂದ್ರ’ ಎಂಬ ಹೊಸ ಬೋರ್ಡು ಬಂದಿದೆ. ಬಾಗಿಲು ಮಾತ್ರ ಹಳೆಯದೇ, ಮಳೆಗಾಲದಲ್ಲಿ ಉಬ್ಬಿ ಹಾಕಲು ಬರುವುದಿಲ್ಲ. ಇಂಥ ನಾನು ಊರವರ ಮುಂದೆ ವಿಜ್ಞಾನದ ಪುಸ್ತಕ ಬಿಚ್ಚಿಕೊಂಡು ಕೂರುವಂತಾದದ್ದು ನನ್ನ ಹಲ್ಲಿನಿಂದ.

ಎರಡು ವರ್ಷದ ಹಿಂದೆ ಬಂದ ಪುಸ್ತಕದ ಕಟ್ಟಿನಲ್ಲಿ ಹೊಸ ವಿಜ್ಞಾನ ಪುಸ್ತಕಗಳು ಹದಿನಾರು ಇದ್ದವು. ರಿಜಿಸ್ಟರಿಗೆ ಹತ್ತಿಸಿ, ಬೆನ್ನಿಗೆ ನಂಬರು ಅಂಟಿಸಿ, ಕಪಾಟಿನಲ್ಲಿಟ್ಟೆ. ಎಂಟು ತಿಂಗಳು ಒಂದೂ ಹೊರಗೆ ಹೋಗಲಿಲ್ಲ. ನಮ್ಮಲ್ಲಿಗೆ ಬರುವವರು ಪತ್ರಿಕೆ ಓದುವ ಹಿರಿಯರು, ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು, ಶಾಲೆ ಬಿಟ್ಟ ಮೇಲೆ ಕೇರಂ ಆಡುವ ಮಕ್ಕಳು. ಇವರಲ್ಲಿ ಯಾರಿಗೂ ಕಪ್ಪುಕುಳಿ ಬೇಕಾಗಿರಲಿಲ್ಲ. ನನಗೂ ಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಧೂಳು ಒರೆಸುತ್ತ, ನೀರು ಮತ್ತು ರೋಗಗಳ ಕುರಿತಾದ ಪುಸ್ತಕವೊಂದನ್ನು ಸುಮ್ಮನೆ ತೆರೆದೆ. ಒಳಗೊಂದು ಬಣ್ಣದ ಚಿತ್ರ: ತುಟಿ ಸರಿಸಿ ತೋರಿಸಿದ ಹಲ್ಲುಗಳು, ಅವುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ. ನನ್ನವೇ ಹಲ್ಲು. ಕನ್ನಡಿಯಲ್ಲಿ ಮೂವತ್ತೆಂಟು ವರ್ಷ ನೋಡಿದ ಪಟ್ಟೆಗಳವು. ಚಿಕ್ಕವನಿದ್ದಾಗ ಹಲ್ಲುಜ್ಜುವುದಿಲ್ಲವೆಂದು ಅಪ್ಪ ಬೈಯುತ್ತಿದ್ದರು. ಇದ್ದಿಲಿನ ಪುಡಿಯಿಂದ ಒಸಡಿನಲ್ಲಿ ರಕ್ತ ಬರುವಷ್ಟು ತಿಕ್ಕುತ್ತಿದ್ದೆ. ಹೆಣ್ಣು ನೋಡಲು ಹೋದಾಗ ತುಟಿ ಬಿಗಿದುಕೊಂಡೇ ಉಪ್ಪಿಟ್ಟು ತಿಂದವನು ನಾನು. ಚಿತ್ರದ ಕೆಳಗೆ ಬರೆದಿತ್ತು: ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹೀಗಾಗುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆ ಸಾಲನ್ನು ನಾಲ್ಕು ಸಲ ಓದಿದೆ. ಅಪ್ಪ ಇದ್ದಿದ್ದರೆ ಅವರಿಗೂ ಓದಿ ಹೇಳುತ್ತಿದ್ದೆ.

ಇದನ್ನು ಊರಿಗೆ ಓದಿ ಹೇಳಬೇಕು ಎನಿಸಿತು. ಭಾನುವಾರ ಗ್ರಂಥಾಲಯಕ್ಕೆ ಬನ್ನಿ ಎಂದು ಡಂಗುರ ಸಾರಿದಂತೆ ಹೇಳಿ ಬಂದೆ. ಬಂದವರು ಮೂವರು, ಅವರಲ್ಲೊಬ್ಬರು ಪಿಂಚಣಿಯ ಅರ್ಜಿ ಬರೆಸಿಕೊಳ್ಳಲು ಬಂದವರು. ಮೈಕು ಹಚ್ಚಿ, ಖುರ್ಚಿ ಹಾಕಿ, ‘ವಿಜ್ಞಾನ ಮತ್ತು ಮಾನವ ಜೀವನ’ ಎಂದು ಬ್ಯಾನರು ಕಟ್ಟಿದ್ದೆ. ಅದೆಲ್ಲ ದಂಡ.

ದಾರಿ ಸಿಕ್ಕಿದ್ದು ನಮ್ಮ ಚಿಗವ್ವನ ಅಂಗಳದಲ್ಲಿ. ಬಿತ್ತನೆಗೆ ಮುಂಚೆ ಬೀಜದ ಶೇಂಗಾ ಒಡೆಯುವ ಕೆಲಸ ಇರುತ್ತದೆ. ಹೆಂಗಸರು ಹತ್ತು ಹನ್ನೆರಡು ಮಂದಿ ಸುತ್ತ ಕುಳಿತು ಒಡೆಯುತ್ತಾರೆ. ಕೈಗೆ ಕೆಲಸ, ಕಿವಿ ಖಾಲಿ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ಅದೇ ರೀತಿ ಓದಿದೆ. ಮೂರು ಪುಟ, ಅದಕ್ಕಿಂತ ಹೆಚ್ಚಿಲ್ಲ. ಪುರಾಣದಲ್ಲಿ ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಇಲ್ಲಿ ಓದುವವನು ನಾನು, ಅರ್ಥ ಹೇಳಬೇಕಾದವರು ಕೇಳುವವರು. ಯಾರಿಗೂ ಅರ್ಥ ಹೇಳಲು ಬಾರದ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹೊಡೆಯುತ್ತಿದ್ದೆ. ಗೆರೆ ಬಿದ್ದಲ್ಲೆಲ್ಲ ತಪ್ಪು ಬಹುಪಾಲು ಬರೆದವರದೇ.

ಮೊದಲ ಗೆರೆ ಬಿದ್ದದ್ದು ‘ಪಿಪಿಎಂ’ ಎಂಬಲ್ಲಿ. ಹತ್ತು ಲಕ್ಷದಲ್ಲಿ ಒಂದು ಪಾಲು ಎಂದು ಪುಸ್ತಕ ಹೇಳಿ ಮುಂದೆ ಹೋಗಿಬಿಟ್ಟಿತ್ತು. ಮುಂದಿನ ವಾರ ಚಹಾದಂಗಡಿಯಿಂದ ಆರು ಗಾಜಿನ ಲೋಟ, ಮಗಳ ಶಾಲೆಯ ಚೀಲದಿಂದ ನೀಲಿ ಶಾಯಿಯ ಬಾಟಲಿ ಒಯ್ದೆ. ಮೊದಲ ಲೋಟದಲ್ಲಿ ಒಂದು ಚಮಚ ಶಾಯಿ, ಒಂಬತ್ತು ಚಮಚ ನೀರು. ಅದರಿಂದ ಒಂದು ಚಮಚ ಎರಡನೆಯದಕ್ಕೆ, ಮತ್ತೆ ಒಂಬತ್ತು ಚಮಚ ನೀರು. ಹೀಗೆ ಆರರವರೆಗೆ. ಮೂರನೆಯದು ತಿಳಿನೀಲಿಯಾಯಿತು, ನಾಲ್ಕನೆಯದರಲ್ಲಿ ಬಣ್ಣ ಇದೆಯೋ ಇಲ್ಲವೋ ಎಂದು ಜಗಳ ಬಿತ್ತು, ಆರನೆಯದು ಬರಿ ನೀರು. ಆ ಆರನೆಯ ಲೋಟದಲ್ಲಿರುವುದೇ ಒಂದು ಪಿಪಿಎಂ ಶಾಯಿ ಎಂದೆ. ನೀರಿನ ಲೆಕ್ಕದಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ. ಮನೆಯ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿನಲ್ಲಿ ಒಂದು ಗ್ರಾಂ, ಒಂದು ಚಿಟಿಕೆ. ಕುಡಿಯುವ ನೀರಿನ ಫ್ಲೋರೈಡಿಗೆ ನಮ್ಮ ದೇಶದ ಮಾನಕ ಅಷ್ಟೇ, ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5.

ಒಬ್ಬ ಹುಡುಗಿ ಎದ್ದು ಹೋಗಿ ಮನೆಯಿಂದ ಟೂತ್‌ಪೇಸ್ಟ್ ತಂದಳು. ಅದರ ಮೇಲೆ 1000 ಪಿಪಿಎಂ ಫ್ಲೋರೈಡ್ ಎಂದು ಬರೆದಿತ್ತು. ಹಾಗಾದರೆ ಇದು ವಿಷವೇ ಎಂದಳು. ಪೇಸ್ಟನ್ನು ಉಗುಳುತ್ತೇವೆ, ನೀರನ್ನು ನುಂಗುತ್ತೇವೆ, ಅದೂ ಬೇಸಿಗೆಯಲ್ಲಿ ಹೊಲದಲ್ಲಿ ದಿನಕ್ಕೆ ನಾಲ್ಕೈದು ಲೀಟರು. ಚೂರು ಫ್ಲೋರೈಡ್ ಹಲ್ಲಿನ ಮೇಲ್ಪದರವನ್ನು ಹುಳುಕಿನಿಂದ ಕಾಯುತ್ತದೆ, ದಿನವೂ ಹೆಚ್ಚು ಹೆಚ್ಚು ಹೊಟ್ಟೆಗೆ ಹೋದರೆ ಹಲ್ಲು, ಎಲುಬು ಕೆಡುತ್ತವೆ. ಇದನ್ನು ಪುಸ್ತಕ ಚೆನ್ನಾಗಿಯೇ ವಿವರಿಸಿತ್ತು. ಗ್ರಾನೈಟಿನಂಥ ಗಟ್ಟಿ ಕಲ್ಲಿನ ಖನಿಜಗಳಿಂದ ಅದು ಅಂತರ್ಜಲಕ್ಕೆ ಇಳಿಯುವ ಬಗೆಯನ್ನೂ, 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ಗುರುತಿಸಿದ್ದನ್ನೂ ಬರೆದಿತ್ತು. 1937 ಎಂದು ಓದಿದಾಗ ಅಂಗಳದಲ್ಲಿ ಶೇಂಗಾದ ಸದ್ದು ನಿಂತಿತು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಗೊತ್ತಿದ್ದ ಸಂಗತಿಗೆ ನಾನು ಪೆಟ್ಟು ತಿಂದಿದ್ದೆ.

ಆಮೇಲೆ ಬಂತು ನನ್ನ ಮರ್ಯಾದೆ ಹೋದ ಪ್ರಸಂಗ. ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬ ತಾಯಿ, ನೀರು ಕಾಯಿಸಿ ಕುಡಿಸಿದರೆ ಫ್ಲೋರೈಡ್ ಹೋಗುತ್ತದೆಯೇ ಎಂದು ಕೇಳಿದಳು. ಹಿಂದಿನ ಅಧ್ಯಾಯದಲ್ಲಿ ಕಾಲರಾ, ಟೈಫಾಯ್ಡಿಗೆ ಕಾಯಿಸಿದ ನೀರು ಕುಡಿಯಿರಿ ಎಂದು ಓದಿದ್ದೆನಲ್ಲ, ಅದೇ ಧಾಟಿಯಲ್ಲಿ, ಹೋಗುತ್ತದೆ, ಚೆನ್ನಾಗಿ ಕುದಿಸಬೇಕು ಎಂದುಬಿಟ್ಟೆ. ಚಿಗವ್ವ ಮೊರದಿಂದ ತಲೆ ಎತ್ತದೆಯೇ ಕೇಳಿದಳು: “ಸಾರು ಕುದಿಸಿ ಕುದಿಸಿ ಇಂಗಿಸಿದರೆ ಉಪ್ಪು ಹೆಚ್ಚಾಗುತ್ತದೆಯೋ ಕಡಿಮೆಯಾಗುತ್ತದೆಯೋ, ತಮ್ಮಾ?”

ಎಲ್ಲರೂ ನಕ್ಕರು. “ಸಾರೇ ಬೇರೆ, ವಿಜ್ಞಾನವೇ ಬೇರೆ, ಚಿಗವ್ವಾ” ಎಂದೆ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯನಿಗೆ ಫೋನು ಮಾಡಿದೆ. ಅವನು ನಕ್ಕು, ನಿಮ್ಮ ಚಿಗವ್ವನನ್ನು ನಮ್ಮ ಕಾಲೇಜಿಗೆ ಕಳಿಸು ಎಂದ. ಕುದಿಸಿದರೆ ರೋಗಾಣು ಸಾಯುತ್ತವೆ, ಹಬೆಯಾಗಿ ಹೋಗುವುದು ನೀರು ಮಾತ್ರ. ಕರಗಿದ ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ. ಅದನ್ನು ತೆಗೆಯಲು ಪಟಿಕ ಮತ್ತು ಸುಣ್ಣ ಬೆರೆಸಿ ಕಲಕಿ, ಗಸಿಯನ್ನು ಕೆಳಗಿಳಿಸುವ ನಲ್ಗೊಂಡ ವಿಧಾನ ಇದೆ, ನಾಗಪುರದ ‘ನೀರಿ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದು. ಶುದ್ಧ ನೀರಿನ ಘಟಕಗಳ ಆರ್‌ಒ ಪೊರೆಯೂ ತಡೆಯುತ್ತದೆ, ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ. ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರಿನಲ್ಲಿ ಈ ತೊಂದರೆಯೇ ಇಲ್ಲ.

ಮುಂದಿನ ಭಾನುವಾರ ಪುಸ್ತಕ ತೆರೆಯುವ ಮೊದಲು, ಹೋದ ವಾರ ನಾನು ಹೇಳಿದ್ದು ತಪ್ಪು, ಚಿಗವ್ವ ಹೇಳಿದ್ದು ಸರಿ ಎಂದೆ. ಕೂಸಿನ ತಾಯಿಯ ಮನೆಗೆ ಅದಕ್ಕೂ ಮೊದಲೇ ಹೋಗಿ ಹೇಳಿ ಬಂದಿದ್ದೆ. ರೋಗಾಣುವಿಗಾಗಿ ಕಾಯಿಸುವುದನ್ನು ಬಿಡಬೇಡಿ, ಆದರೆ ಕೊಳವೆಬಾವಿಯ ನೀರನ್ನಲ್ಲ, ಘಟಕದ ನೀರನ್ನು ತಂದು ಮುಚ್ಚಳ ಮುಚ್ಚಿ ಕಾಯಿಸಿ ಎಂದೆ. ಅಂದಿನಿಂದ ಹೆಂಗಸರು ಪ್ರಶ್ನೆ ಕೇಳಲು ಹಿಂಜರಿಯಲಿಲ್ಲ. ಗ್ರಂಥಾಲಯದವನೂ ತಪ್ಪುತ್ತಾನೆ ಎಂಬುದು ಖಾತ್ರಿಯಾಗಿತ್ತಲ್ಲ.

ಎರಡನೆಯದಾಗಿ ಓದಿದ್ದು ಅನುವಂಶೀಯತೆಯ ಪುಸ್ತಕ. ಹೆಸರು ಕೇಳಿಯೇ ಅರ್ಧ ಜನ ಏಳುವವರಿದ್ದರು. ಮೆಂಡೆಲ್ ಬಟಾಣಿ ಹೂವಿನ ಗಂಡುಕೇಸರ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸಿದ ಭಾಗವನ್ನು ಓದುತ್ತಿದ್ದೆ. ರಾಣೆಬೆನ್ನೂರು ಕಡೆಯಿಂದ ಬಂದ ಸೊಸೆಯೊಬ್ಬಳು ತಡೆದು, ಇದು ಕ್ರಾಸಿಂಗ್ ಅಲ್ಲವೇ ಎಂದಳು. ಮದುವೆಗೆ ಮುಂಚೆ ಆರು ವರ್ಷ ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೂಲಿಗೆ ಹೋದವಳು ಅವಳು. ಸಂಜೆ ಮೊಗ್ಗಿನ ಗಂಡುಕೇಸರವನ್ನು ಉಗುರಿನಿಂದ ಬಿಡಿಸಿ ಬಣ್ಣದ ಕಾಗದ ಹಾಕಿ ಬರುವುದು, ಬೆಳಿಗ್ಗೆ ಗಂಡು ಹೂವು ತಂದು ತಾಗಿಸಿ ದಾರ ಕಟ್ಟುವುದು. ಒಂದು ಕೇಸರ ಉಳಿದರೂ ಬೀಜ ಕೆಟ್ಟಿತು ಎಂದು ಮಾಲೀಕರು ಬೈಯುತ್ತಿದ್ದರಂತೆ, ಏಕೆಂದು ಹೇಳುತ್ತಿರಲಿಲ್ಲವಂತೆ. ಬಾಟಲಿಯ ಮುಚ್ಚಳವನ್ನೇ ಹೂವೆಂದು ಹಿಡಿದು, ಹೆಬ್ಬೆರಳ ಉಗುರನ್ನು ಸುತ್ತ ತಿರುಗಿಸಿ ತೋರಿಸಿದಳು. ನಾನು ಪುಸ್ತಕ ಮುಚ್ಚಿದೆ. ಉಳಿದ ಪಾಠ ಅವಳದೇ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ಹೊರತಂದ ವರಲಕ್ಷ್ಮಿ ತಳಿಯ ಸಂಗತಿ ಹೇಳಿದಾಗ ಹಿರಿಯರೊಬ್ಬರು, ಆ ಹತ್ತಿಯನ್ನು ನಾನು ಬೆಳೆದಿದ್ದೇನೆ ಎಂದರು. ನನ್ನ ಕೈಲಿದ್ದ ಪುಸ್ತಕದಲ್ಲಿ ಬಟಾಣಿ ಇತ್ತು, ವರಲಕ್ಷ್ಮಿ ಇರಲಿಲ್ಲ.

ಹದಿನಾರರಲ್ಲಿ ಈವರೆಗೆ ಓದಿದ್ದು ಐದು. ನನ್ನ ತಕರಾರು ಹೇಳಿಬಿಡುತ್ತೇನೆ. ಒಂಬತ್ತು ಪುಸ್ತಕಗಳು ಆಕಾಶದವು. ಆಕಾಶ ಬೇಡವೆಂದಲ್ಲ, ಆದರೆ ಮಣ್ಣು, ಅಡುಗೆ, ಬಸಿರು, ಕೀಟನಾಶಕದ ಬಗ್ಗೆ ಬರೆಯಲು ಯಾರಿಗೂ ಮನಸ್ಸಿಲ್ಲವೇ? ಎರಡು ಪುಸ್ತಕಗಳ ವಾಕ್ಯಗಳು ಎಷ್ಟು ಉದ್ದವೆಂದರೆ ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಮರೆತಿರುತ್ತದೆ. ಅಂಥವನ್ನು ಗಟ್ಟಿಯಾಗಿ ಓದಿದರೆ ಉಸಿರೇ ಸಾಲದು. ಈಗ ಹೊಸ ಪುಸ್ತಕ ಬಂದರೆ ಮೊದಲು ಒಂದು ಪುಟ ಗಟ್ಟಿಯಾಗಿ ಓದಿ ನೋಡುತ್ತೇನೆ. ನಾಲಿಗೆ ಎಡವಿದರೆ ಅಂಗಳಕ್ಕೆ ಒಯ್ಯುವುದಿಲ್ಲ.

ನೀರಿನ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಉತ್ತರ ಸಿಗದ ಪ್ರಶ್ನೆಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು ಎಂಬ ಫಲಕ ನನ್ನ ತಲೆಯ ಮೇಲೆಯೇ ಇದೆ, ಇರಲಿ. ಕೊನೆಯ ಪ್ರಶ್ನೆ ಟೂತ್‌ಪೇಸ್ಟಿನ ಹುಡುಗಿಯದು: ಎಮ್ಮೆಯೂ ಅದೇ ಬೋರಿನ ನೀರು ಕುಡಿಯುತ್ತದೆ, ಅದರ ಹಲ್ಲು ಹೇಗಿರುತ್ತದೆ? ಪುಸ್ತಕದಲ್ಲಿ ಎಮ್ಮೆ ಇರಲಿಲ್ಲ. ಹೋದ ಭಾನುವಾರ ಓದು ಬಿಟ್ಟು ಚಿಗವ್ವನ ಕೊಟ್ಟಿಗೆಗೇ ಹೋದೆವು. ಇಬ್ಬರು ಕೊಂಬು ಹಿಡಿದರು, ನಾನು ತುಟಿ ಎತ್ತಿದೆ. ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ! ಉದುರಿ ಹೋಗಿವೆ ಎಂದು ಕೂಗಿದೆ. ಎಮ್ಮೆಗೆ ಅಲ್ಲಿ ಹಲ್ಲು ಹುಟ್ಟುವುದೇ ಇಲ್ಲ ಎಂದು ಆರು ವರ್ಷದ ಮಗುವೂ ನಕ್ಕಿತು. ಕೆಳಗಿನ ಹಲ್ಲುಗಳ ಮೇಲೆ ಕಂದು ಗೆರೆ ಇತ್ತು. ನೀರಿನದೋ ಮೇವಿನದೋ ತಿಳಿಯಲಿಲ್ಲ. ಗುರುವಾರ ಪಶುವೈದ್ಯರು ಊರಿಗೆ ಬರುತ್ತಾರೆ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದೇನೆ.