ಹೊಸ ಜೋಡಿಗೆ ಒಂದು ಭಾನುವಾರದ ಪ್ಲಾನು

ಮದ್ವೆ ಆದ ಹೊಸದ್ರಲ್ಲಿ ಭಾನುವಾರ ಬಂತು ಅಂದ್ರೆ ಮಾಲ್‌ಗೆ ಓಡ್ಬೇಡ್ರಪ್ಪಾ, ಅರ್ಧ ದಿನ ಟ್ರಾಫಿಕ್ಕಲ್ಲೇ ಹೋಗತ್ತೆ. ಬಿಸಿಲು ಏರೋಕ್ ಮುಂಚೆ ಹಸಿರು ಲೈನ್ ಮೆಟ್ರೋ ಹತ್ತಿ ಲಾಲ್‌ಬಾಗ್‌ಗೆ ಹೋಗಿ, 1760ರಲ್ಲಿ ಹೈದರಾಲಿ ಶುರು ಮಾಡ್ಸಿದ್ ತೋಟ ಅದು, ಕೆಂಪೇಗೌಡ ಗೋಪುರ ಇರೋ ಬಂಡೆ ಮೇಲೆ ಕೂತ್ಕೊಳಿ, ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತೆ, ಅದ್ರ ಮುಂದೆ ನಿಮ್ ಜಗಳ ಯಾವ್ ಲೆಕ್ಕ.

ವಾಪಸ್ ಬರ್ತಾ ಗಾಂಧಿ ಬಜಾರಲ್ಲಿ ಬೀನ್ಸು, ಕ್ಯಾರೆಟ್ಟು, ಕರಿಬೇವು ತಗೊಳಿ. ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್. ಇಬ್ರಿಗೆ ಅರ್ಧ ಲೋಟ ಅಕ್ಕಿ, ಅರ್ಧ ಲೋಟ ತೊಗರಿಬೇಳೆ, ತರಕಾರಿ, ಚಿಟಿಕೆ ಅರಿಶಿನ, ಮೂರೂವರೆ ಲೋಟ ನೀರು, ಕುಕ್ಕರಲ್ಲಿ ನಾಲ್ಕೈದು ವಿಷಲ್. ಹುಣಸೆರಸ ಮಾತ್ರ ಮೊದ್ಲೇ ಹಾಕ್ಬೇಡಿ, ಹುಳಿ ಬಿದ್ರೆ ಬೇಳೆ ಬೇಯಲ್ಲ, ನಾನು ಹಾಗೇ ಮಾಡಿ ನಮ್ಮೆಜಮಾನ್ರು "ಬೇಳೆ ಕಟಕಟ ಅಂತಿದೆ ಕಣೇ, ಆದ್ರೂ ಚೆನ್ನಾಗಿದೆ" ಅಂತ ಪಾಪ ಸುಳ್ಳು ಹೇಳ್ಕೊಂಡೇ ತಿಂದ್ರು. ಬೆಂದ್ಮೇಲೆ ಹುಣಸೆರಸ, ಉಪ್ಪು, ಚೂರು ಬೆಲ್ಲ, 2 ಚಮಚ ಬಿಸಿಬೇಳೆಬಾತ್ ಪುಡಿ ಹಾಕಿ ಚೆನ್ನಾಗ್ ಕುದಿಸಿ, ಆರಿದ್ರೆ ಗಟ್ಟಿಯಾಗತ್ತೆ ಅದಕ್ಕೆ ಸ್ವಲ್ಪ ನೀರಾಗೇ ಇಳಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಗೋಡಂಬಿ ಒಗ್ಗರಣೆ. ತುಪ್ಪಕ್ಕೆ ಜಿಪುಣತನ ಬೇಡ. ಜೊತೆಗೆ ಖಾರಾಬೂಂದಿ.

ಪಾತ್ರೆ ತೊಳೆಯೋದು ಅಡುಗೆ ಮಾಡ್ದೇ ಇರೋರ ಪಾಲು, ಇದನ್ನ ಮೊದಲ್ನೇ ವಾರಾನೇ ಫಿಕ್ಸ್ ಮಾಡ್ಕೊಳಿ. ಸಂಜೆ ಹಸಿವಾದ್ರೆ ವಿವಿ ಪುರಂ ತಿಂಡಿ ಬೀದಿ ಇದ್ದೇ ಇದೆ, ಡಿಸೆಂಬರ್-ಜನವರಿ ಆದ್ರೆ ಅವರೆಕಾಳು ದೋಸೆ ಬಿಡ್ಬೇಡಿ.