ಯೇಸುವಿನ ಸಿನಿಮಾ ಎಂಬ ಕೌದಿ: ಹೊಲಿಗೆ ಗುರುತಿಸುವ ಬಗೆ

ಲಕ್ಷ್ಮಣರೇಖೆ ಎಲ್ಲಿ ಬರುತ್ತದೆ ಎಂದು ಕೇಳಿದರೆ ರಾಮಾಯಣದಲ್ಲಿ ಎಂದೇ ಹೆಚ್ಚಿನವರು ಹೇಳುತ್ತಾರೆ. ವಾಲ್ಮೀಕಿಯ ಅರಣ್ಯಕಾಂಡ ತೆರೆದರೆ ಅಂಥ ಗೆರೆಯೇ ಇಲ್ಲ. ಯೇಸುವಿನ ಕಥೆಯಲ್ಲೂ ಹೀಗೆ ಹೊರಗಿನಿಂದ ಬಂದು ಮನೆಯವರಾದ ಸಂಗತಿಗಳು ಸಾಕಷ್ಟಿವೆ: ಒಂಟೆ ಏರಿ ಬರುವ ಮೂವರು ರಾಜರು, ಗೋದಲಿಯ ಪಕ್ಕ ನಿಂತ ಎತ್ತು ಮತ್ತು ಕತ್ತೆ, ವೇಶ್ಯೆಯಾಗಿದ್ದ ಮಗ್ದಲದ ಮರಿಯ, ಶಿಲುಬೆ ಹೊತ್ತವನ ಮುಖ ಒರೆಸುವ ವೆರೋನಿಕ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಾದ ಸುವಾರ್ತೆಗಳನ್ನು ಜಾಲಾಡಿದರೂ ಇವು ಸಿಗುವುದಿಲ್ಲ. ಸಿನಿಮಾಗಳಲ್ಲಿ ಮಾತ್ರ ಮತ್ತೆ ಮತ್ತೆ ಸಿಗುತ್ತವೆ.

ಇದನ್ನು ನಿರ್ದೇಶಕರ ತಪ್ಪೆಂದು ಎಣಿಸಬೇಕಾಗಿಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ ನಾಲ್ವರೂ ಒಬ್ಬನ ಕಥೆಯನ್ನು ನಾಲ್ಕು ರೀತಿ ಹೇಳಿದ್ದಾರೆ. ಪರದೆಗೆ ಬೇಕಾದದ್ದು ಒಂದೇ ಕಥೆ. ಹಾಗಾಗಿ ಯೇಸುವಿನ ಸಿನಿಮಾ ಎಂದರೆ ಕೌದಿ. ಯಾವ ತುಂಡು ಯಾವ ಸೀರೆಯದು, ನಡುವೆ ಓಡಿದ ದಾರ ಯಾರದು ಎಂದು ಗುರುತಿಸಲು ಬಂದರೆ ನಿರ್ದೇಶಕ ಏನು ಹೇಳಲು ಹೊರಟಿದ್ದಾನೆ ಎಂಬುದೂ ಕಾಣುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಬೈಬಲ್, ಒಂದು ದೊಡ್ಡ ಹಾಳೆ, ಪೆನ್ನು. ಹಾಳೆಯನ್ನು ಅಡ್ಡಲಾಗಿಟ್ಟು ಐದು ಅಂಕಣ ಎಳೆಯಿರಿ. ನಾಲ್ಕು ಅಂಕಣ ನಾಲ್ಕು ಸುವಾರ್ತೆಗಳಿಗೆ, ಐದನೆಯದು "ಹೊರಗಿನದು". ಪ್ರಾಟೆಸ್ಟೆಂಟರ ಸತ್ಯವೇದದಲ್ಲಿ "ಯೋಹಾನನ ಸುವಾರ್ತೆ" ಎಂದಿರುವುದು ಕಥೋಲಿಕರ ಅನುವಾದದಲ್ಲಿ "ಯೊವಾನ್ನನ ಶುಭಸಂದೇಶ" ಎಂದಿರುತ್ತದೆ. ಗಾಬರಿ ಬೇಡ, ಅಧ್ಯಾಯ ಮತ್ತು ವಚನಗಳ ಸಂಖ್ಯೆ ಒಂದೇ.

ನಾಲ್ಕೂ ಪುಸ್ತಕ ಓದಿ ಮುಗಿಸಿದ ಮೇಲೆ ಸಿನಿಮಾ ನೋಡುತ್ತೇನೆ ಎಂದು ಕೂತರೆ ಕೆಲಸ ಶುರುವೇ ಆಗುವುದಿಲ್ಲ. ಮಾರ್ಕನದು ಬರೀ 16 ಅಧ್ಯಾಯ, ಒಂದೂವರೆ ಗಂಟೆಯಲ್ಲಿ ಓದಬಹುದು. ಅದೊಂದನ್ನು ಪೂರ್ತಿ ಓದಿ. ಉಳಿದವುಗಳಲ್ಲಿ ಆಯಾ ದೃಶ್ಯಕ್ಕೆ ಬೇಕಾದ ಭಾಗ ಸಾಕು.

ಸಿನಿಮಾ ಹಾಕುವ ಮೊದಲು ಅವಧಿ ನೋಡಿಕೊಳ್ಳಿ. ಇಲ್ಲಿ ಹಲವರು ಎಡವುತ್ತಾರೆ. 1977ರ ಟಿವಿ ಸರಣಿ 'ಜೀಸಸ್ ಆಫ್ ನಜರೆತ್' ಆರು ಗಂಟೆಗೂ ಮಿಕ್ಕಿದ್ದು. ನಿಮಗೆ ಸಿಕ್ಕಿದ್ದು ಮೂರು ನಾಲ್ಕು ಗಂಟೆಯದಾದರೆ ಅದು ಕತ್ತರಿಸಿದ ಪ್ರತಿ. ಜಾರ್ಜ್ ಸ್ಟೀವನ್ಸ್ ನಿರ್ದೇಶಿಸಿದ 'ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್' (1965) ನಾಲ್ಕು ಗಂಟೆಗೂ ಹೆಚ್ಚಿದ್ದು, ಆಮೇಲೆ ಪದೇ ಪದೇ ಮೊಟಕಾಯಿತು. ಮೆಲ್ ಗಿಬ್ಸನ್‌ನ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' 2004ರಲ್ಲಿ 127 ನಿಮಿಷವಿತ್ತು, 2005ರಲ್ಲಿ ಹಿಂಸೆ ಕಡಿಮೆ ಮಾಡಿದ ಇನ್ನೊಂದು ಆವೃತ್ತಿ ಬಂತು. ಕತ್ತರಿ ಬಿದ್ದ ಪ್ರತಿ ನೋಡಿ "ಈ ಪ್ರಸಂಗವನ್ನೇ ಬಿಟ್ಟಿದ್ದಾರೆ" ಎಂದು ಬರೆದರೆ ಹಾಳೆ ದಂಡ.

ಒಂಟಿ ಸುವಾರ್ತೆಯಿಂದ ಶುರು ಮಾಡಿ

ಕೌದಿ ಬಿಚ್ಚುವ ಮೊದಲು ಇಡೀ ಸೀರೆ ಹೇಗಿರುತ್ತದೆ ಎಂದು ಗೊತ್ತಿರಬೇಕು. ಒಂದೇ ಸುವಾರ್ತೆಯನ್ನು ಹಿಡಿದು ಮಾಡಿದ ಮೂರು ಚಿತ್ರಗಳು ಇದಕ್ಕೆ ಒದಗುತ್ತವೆ. 1979ರ 'ಜೀಸಸ್' ಲೂಕನನ್ನು ಅನುಸರಿಸುತ್ತದೆ. 2,000ಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿರುವ ಇದು ಕನ್ನಡದಲ್ಲೂ ಇದೆ. 2003ರ 'ದಿ ಗಾಸ್ಪೆಲ್ ಆಫ್ ಜಾನ್' ಯೋಹಾನನನ್ನು ಹೆಚ್ಚೂಕಡಿಮೆ ಅಕ್ಷರಶಃ ಮೂರು ಗಂಟೆ ಓದಿಸುತ್ತದೆ. ಮೂರನೆಯದು ಇಟಲಿಯ ನಿರ್ದೇಶಕ ಪಿಯರ್ ಪಾವೊಲೊ ಪಸೋಲಿನಿ ಮತ್ತಾಯನನ್ನು ಹಿಡಿದು ಮಾಡಿದ 1964ರ 'ದಿ ಗಾಸ್ಪೆಲ್ ಅಕಾರ್ಡಿಂಗ್ ಟು ಸೇಂಟ್ ಮ್ಯಾಥ್ಯೂ', 137 ನಿಮಿಷ. ಒಂದನ್ನೇ ನೋಡುವಷ್ಟು ಬಿಡುವಿದ್ದರೆ ಇದನ್ನೇ ನೋಡಿ.

ಪಸೋಲಿನಿ ದಕ್ಷಿಣ ಇಟಲಿಯ ಮಟೇರಾದಲ್ಲಿ, ವೃತ್ತಿ ನಟರಲ್ಲದವರನ್ನು ಕಟ್ಟಿಕೊಂಡು ಇದನ್ನು ತೆಗೆದ. ಯೇಸುವಿನ ತಾಯಿ ಮರಿಯಳಾಗಿ, ಅವಳಿಗೆ ವಯಸ್ಸಾದ ಮೇಲಿನ ಭಾಗದಲ್ಲಿ, ಕಾಣಿಸಿಕೊಂಡವರು ಪಸೋಲಿನಿಯ ಸ್ವಂತ ತಾಯಿ. ಮೊದಲ ದೃಶ್ಯದಲ್ಲಿ ಮಾತೇ ಇಲ್ಲ: ಮರಿಯಳ ಮುಖ, ಯೋಸೇಫನ ಮುಖ, ಆಮೇಲೆ ಅವಳ ತುಂಬು ಬಸಿರು. ಮತ್ತಾಯ 1:18–19 ತೆರೆದಿಟ್ಟುಕೊಂಡು ನೋಡಿ. ಅಲ್ಲಿಯೂ ಮರಿಯ ಒಂದು ಮಾತಾಡುವುದಿಲ್ಲ, ಯೋಸೇಫನೂ ಆಡುವುದಿಲ್ಲ. ದೇವದೂತ ಮರಿಯಳೊಂದಿಗೆ ಮಾತಾಡುವುದು ಲೂಕನಲ್ಲಿ. ಬೇರೆಯವರು ಲೂಕನಿಂದ ಸಂಭಾಷಣೆ ತಂದು ತುಂಬುವ ಜಾಗವನ್ನು ಪಸೋಲಿನಿ ಖಾಲಿ ಬಿಟ್ಟ.

ಒಂದು ದೃಶ್ಯ ಬಿಚ್ಚುವುದು

ಅಭ್ಯಾಸಕ್ಕೆ ಗೆತ್ಸೇಮನೆ ತೋಟದಲ್ಲಿ ಯೇಸುವನ್ನು ಹಿಡಿಯುವ ಪ್ರಸಂಗಕ್ಕಿಂತ ಒಳ್ಳೆಯದು ಇಲ್ಲ. ನಾಲ್ವರಲ್ಲೂ ಬರುತ್ತದೆ, ಚಿಕ್ಕದು, ವ್ಯತ್ಯಾಸಗಳು ಕಣ್ಣಿಗೆ ರಾಚುತ್ತವೆ. ಮತ್ತಾಯ 26:47–56, ಮಾರ್ಕ 14:43–52, ಲೂಕ 22:47–53, ಯೋಹಾನ 18:1–12. ಓದುತ್ತಾ ಹೀಗೆ ತುಂಬಿಸಿ.

ಮುದ್ದು: ಮತ್ತಾಯ ಮತ್ತು ಮಾರ್ಕನಲ್ಲಿ ಯೇಸುವನ್ನು ಹಿಡಿದುಕೊಡುವ ಶಿಷ್ಯ ಯೂದ ಮುದ್ದಿಡುತ್ತಾನೆ, ಲೂಕನಲ್ಲಿ ಮುದ್ದಿಡಲು ಹತ್ತಿರ ಬರುತ್ತಾನೆ, ಯೋಹಾನನಲ್ಲಿ ಮುದ್ದೇ ಇಲ್ಲ. ದೀಪ ಮತ್ತು ಪಂಜು: ಯೋಹಾನ ಮಾತ್ರ. ಬಂದವರು ಹಿಂದೆ ಸರಿದು ನೆಲಕ್ಕೆ ಬೀಳುವುದು: ಅದೂ ಯೋಹಾನ ಮಾತ್ರ. ಕಿವಿ ಕತ್ತರಿಸುವುದು: ನಾಲ್ವರಲ್ಲೂ ಇದೆ, ಆದರೆ ಕತ್ತರಿಸಿದವನು ಪೇತ್ರ, ಕಿವಿ ಹೋದವನು ಮಲ್ಕ ಎಂದು ಹೆಸರು ಹೇಳುವವನು ಯೋಹಾನನೊಬ್ಬನೇ. ಆ ಕಿವಿ ವಾಸಿಯಾಗುವುದು: ಲೂಕನೊಬ್ಬನಲ್ಲೇ. ನಾರುಬಟ್ಟೆ ಬಿಟ್ಟು ಬೆತ್ತಲೆ ಓಡಿಹೋಗುವ ಹುಡುಗ: ಮಾರ್ಕ ಮಾತ್ರ. ಈ ಪಾಪದ ಹುಡುಗನನ್ನು ಸಿನಿಮಾದವರು ಸಾಮಾನ್ಯವಾಗಿ ಹತ್ತಿರ ಸೇರಿಸುವುದಿಲ್ಲ.

ಈಗ ಗಿಬ್ಸನ್‌ನ ಚಿತ್ರದ ಅದೇ ಭಾಗ ಹಾಕಿ, ತುಂಡು ತುಂಡಿಗೆ ನಿಲ್ಲಿಸಿ. ಪಂಜು ಬಂತು, ಯೋಹಾನ. ಮುದ್ದು ಬಂತು, ಮಾರ್ಕ ಅಥವಾ ಮತ್ತಾಯ. ಮಲ್ಕನ ಕಿವಿ ಹೋಯಿತು, ಯೋಹಾನ. ಯೇಸು ಅದನ್ನು ಮುಟ್ಟಿ ವಾಸಿ ಮಾಡಿದ, ಲೂಕ. ಆಮೇಲೆ ಎಲ್ಲರೂ ಹೊರಟರೂ ಮಲ್ಕ ದಿಗ್ಭ್ರಮೆಯಿಂದ ನೆಲದಲ್ಲೇ ಕೂತಿರುತ್ತಾನೆ. ಇದು ಯಾರಲ್ಲೂ ಇಲ್ಲ, ಐದನೇ ಅಂಕಣಕ್ಕೆ ಹೋಗುತ್ತದೆ. ಯೋಹಾನನ ಹೆಸರನ್ನೂ ಲೂಕನ ಪವಾಡವನ್ನೂ ಕೂಡಿಸಿದ್ದರಿಂದಲೇ ಹಾಗೆ ಕೂರಲು ಒಬ್ಬ ಮನುಷ್ಯ ಸಿಕ್ಕ. ದಾರ ಓಡಿರುವುದು ಇಲ್ಲೇ. ಅದಕ್ಕೂ ಮೊದಲು ತೋಟದಲ್ಲಿ ಸೈತಾನ ಬಿಟ್ಟ ಹಾವನ್ನು ಯೇಸು ತುಳಿಯುವುದೂ ಸುವಾರ್ತೆಯದಲ್ಲ. ಆದಿಕಾಂಡ 3:15ರಲ್ಲಿ ಹಾವಿನ ತಲೆ ಜಜ್ಜುವ ಮಾತಿದೆ, ಅಲ್ಲಿಂದ ತಂದದ್ದು.

ಐದನೇ ಅಂಕಣ ತುಂಬಿದಾಗ "ಸುಳ್ಳು" ಎಂದು ಷರಾ ಬರೆಯಬೇಡಿ. ಅದು ಎಲ್ಲಿಂದ ಬಂತು ಎಂದು ಕೇಳಿ. ಸಾಮಾನ್ಯವಾಗಿ ಮೂಲ ನಾಲ್ಕರಲ್ಲಿ ಒಂದು: ಹಳೆ ಒಡಂಬಡಿಕೆ, ಚರ್ಚಿನ ಆಚರಣೆ, ಚಿತ್ರಕಲೆ, ಇಲ್ಲವೇ ನಿರ್ದೇಶಕನ ತಲೆ. ವೆರೋನಿಕ, ಯೇಸು ಮೂರು ಬಾರಿ ಬೀಳುವುದು, ಇವೆಲ್ಲ ಕಥೋಲಿಕರು ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲಿ ಮಾಡುವ ಶಿಲುಬೆಯ ಹಾದಿ ಎಂಬ ಪ್ರಾರ್ಥನೆಯ 14 ಸ್ಥಳಗಳಿಂದ ಬಂದವು. ಗಿಬ್ಸನ್‌ ಇವುಗಳ ಜೊತೆಗೆ ಜರ್ಮನ್ ಸಂನ್ಯಾಸಿನಿ ಆ್ಯನ್ ಕ್ಯಾಥರೀನ್ ಎಮರಿಕ್ ಹೆಸರಿನಲ್ಲಿರುವ ದರ್ಶನಗಳನ್ನೂ ಧಾರಾಳವಾಗಿ ಬಳಸಿದ್ದಾನೆ. ಊಟದ ಮೇಜಿನ ಒಂದೇ ಬದಿಗೆ ಎಲ್ಲರೂ ಕೂತಿದ್ದರೆ ಅದು ಲಿಯೊನಾರ್ಡೊನ ಗೋಡೆಚಿತ್ರ, ಸುವಾರ್ತೆಯಲ್ಲ.

ಹುಟ್ಟಿನ ಕಥೆ, ಬೇಗ ಬೇಗ

ಮಾರ್ಕನಲ್ಲಿ ಯೇಸುವಿನ ಹುಟ್ಟೇ ಇಲ್ಲ, ಯೋಹಾನನಲ್ಲೂ ಇಲ್ಲ. ಕುರುಬರು ಮತ್ತು ಗೋದಲಿ ಲೂಕನವು. ನಕ್ಷತ್ರ, ಜೋಯಿಸರು, ರಾಜ ಹೆರೋದ ಮಕ್ಕಳನ್ನು ಕೊಲ್ಲಿಸಿದ್ದು ಮತ್ತಾಯನವು. ಜೋಯಿಸರು ಎಷ್ಟು ಮಂದಿ ಎಂದು ಮತ್ತಾಯ ಹೇಳಿಲ್ಲ. ಕಾಣಿಕೆ ಮೂರು, ಅದಕ್ಕೆ ಜನವೂ ಮೂರಾದರು. ಅವರು ಬಂದದ್ದೂ ಮನೆಗೆ, ಕೊಟ್ಟಿಗೆಗಲ್ಲ. ಕುರುಬರೂ ಜೋಯಿಸರೂ ಒಂದೇ ರಾತ್ರಿ ಒಂದೇ ಚೌಕಟ್ಟಿನೊಳಗೆ ನಿಂತರೆ ಅದು ಕ್ರಿಸ್ಮಸ್ ಗೋದಲಿಯ ಜೋಡಣೆ.

ಮಗ್ದಲದ ಮರಿಯಳ ವಿಷಯದಲ್ಲಿ ಮೂಲದ ವರ್ಷವೂ ಗೊತ್ತಿದೆ. ಲೂಕ 8:2 ಅವಳಿಂದ ಏಳು ದೆವ್ವಗಳು ಬಿಟ್ಟುಹೋದವು ಎನ್ನುತ್ತದೆ, ಅಷ್ಟೇ. 591ರಲ್ಲಿ ಪೋಪ್ ಒಂದನೇ ಗ್ರೆಗರಿ ಒಂದು ಉಪದೇಶದಲ್ಲಿ ಅವಳನ್ನೂ ಲೂಕ 7ರ ಹೆಸರಿಲ್ಲದ ಪಾಪಿ ಹೆಂಗಸನ್ನೂ ಒಂದು ಮಾಡಿದರು. 1927ರಲ್ಲಿ ಹಾಲಿವುಡ್ ನಿರ್ದೇಶಕ ಸಿಸಿಲ್ ಬಿ. ಡಿಮಿಲ್ 'ದಿ ಕಿಂಗ್ ಆಫ್ ಕಿಂಗ್ಸ್' ಚಿತ್ರವನ್ನು ಶುರು ಮಾಡಿದ್ದೇ ಇವಳಿಂದ: ವೈಭವದ ಗಣಿಕೆ, ಯೂದ ಅವಳ ಪ್ರಿಯಕರ, ಅವಳ ರಥಕ್ಕೆ ಕಟ್ಟಿದ್ದು ಝೀಬ್ರಾ! 1969ರಲ್ಲಿ ಕಥೋಲಿಕ ಸಭೆಯೇ ತನ್ನ ಹಬ್ಬಗಳ ಪಟ್ಟಿ ತಿದ್ದಿದಾಗ ಈ ಬೆಸುಗೆಯನ್ನು ಬಿಡಿಸಿತು. ಸಿನಿಮಾದವರು ಅಷ್ಟು ಬೇಗ ಬಿಡಲಿಲ್ಲ.

ಪಿಲಾತನ ಮುಂದೆ ಗಡಿಯಾರ ಹಿಡಿಯಿರಿ

ರೋಮನ್ ಅಧಿಪತಿ ಪಿಲಾತನ ಮುಂದೆ ಯೇಸುವಿನ ವಿಚಾರಣೆ ನಡೆಯುವ ದೃಶ್ಯದಲ್ಲಿ ಅಂಕಣ ತುಂಬಿಸಿದರಷ್ಟೇ ಸಾಲದು. ಕೈತೊಳೆಯುವುದೂ ಪಿಲಾತನ ಹೆಂಡತಿಯ ಕನಸೂ ಮತ್ತಾಯನವು, ಹೆರೋದನ (ಮಕ್ಕಳನ್ನು ಕೊಲ್ಲಿಸಿದವನ ಮಗ) ಬಳಿಗೆ ಕಳಿಸುವುದು ಲೂಕನದು, "ಸತ್ಯ ಎಂದರೇನು" ಎಂಬ ಪ್ರಶ್ನೆ ಯೋಹಾನನದು. ಎಲ್ಲವನ್ನೂ ಸೇರಿಸಿದಾಗ ಪಿಲಾತ ನಾಲ್ಕು ಪಟ್ಟು ಒಳ್ಳೆಯವನಾಗಿಬಿಡುತ್ತಾನೆ: ಕೈತೊಳೆಯುವವನೂ ಅವನೇ, ಹೆಂಡತಿಯ ಮಾತಿಗೆ ಅಳುಕುವವನೂ ಅವನೇ, ತತ್ವ ಕೇಳುವವನೂ ಅವನೇ. ಒಂದನೇ ಶತಮಾನದ ಯೆಹೂದಿ ಲೇಖಕರಾದ ಫಿಲೋ ಮತ್ತು ಜೋಸೆಫಸ್ ಚಿತ್ರಿಸುವ ಪಿಲಾತ ಕ್ರೂರಿ. ಸಮಾರ್ಯದವರ ಮೇಲೆ ನಡೆಸಿದ ಹತ್ಯೆಯ ದೂರಿನ ಮೇಲೆ ಕ್ರಿ.ಶ. 36ರ ಸುಮಾರಿಗೆ ಹುದ್ದೆ ಕಳೆದುಕೊಂಡವನು.

ಅದಕ್ಕೇ ಗಡಿಯಾರ. ಪಿಲಾತನ ಮುಖದ ಕ್ಲೋಸ್‌ಅಪ್ ಎಷ್ಟು ಸಲ ಬಂತು, ಯೆಹೂದಿಗಳ ಮಹಾಯಾಜಕ ಕಾಯಫ ಮತ್ತು ಇತರ ಯಾಜಕರದು ಎಷ್ಟು ಸಲ, ಯೆಹೂದಿ ಜನ ಹೆಸರಿರುವ ಮುಖಗಳಾಗಿ ಬರುತ್ತಾರೋ ಬರೀ ಕಿರುಚುವ ಗುಂಪಾಗಿಯೋ ಎಂದು ಎಣಿಸಿ. "ಅವನ ರಕ್ತ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ" ಎಂಬರ್ಥದ ಮಾತು ಮತ್ತಾಯ 27:25ರಲ್ಲಿ ಮಾತ್ರ ಇದೆ. ಶತಮಾನಗಳ ಕಾಲ ಯೆಹೂದಿಗಳ ಮೇಲಿನ ಹಿಂಸೆಗೆ ನೆಪವಾದ ವಾಕ್ಯ ಇದು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆ ಸಾವಿನ ಹೊಣೆಯನ್ನು ಆ ಕಾಲದ ಎಲ್ಲ ಯೆಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದು ಎಂದು ಘೋಷಿಸಿತು. ಗಿಬ್ಸನ್‌ ಆ ವಾಕ್ಯದ ಸಬ್‌ಟೈಟಲ್ ತೆಗೆದ, ಅರಾಮಿಕ್ ಧ್ವನಿಯನ್ನು ಉಳಿಸಿಕೊಂಡ. ಸಬ್‌ಟೈಟಲ್ ನಂಬಿ ಕೂತರೆ ಇಂಥದ್ದು ತಪ್ಪಿಹೋಗುತ್ತದೆ. ಬಾಯಿ ಆಡಿದರೂ ಕೆಳಗೆ ಅಕ್ಷರ ಬಾರದ ಜಾಗಗಳನ್ನು ಗುರುತು ಹಾಕಿಕೊಳ್ಳಿ.

ಮುಖ ತೋರಿಸುವುದು, ತೋರಿಸದಿರುವುದು

ಯೇಸು ಮೊದಲ ಸಲ ಹೇಗೆ ಕಾಣಿಸಿಕೊಳ್ಳುತ್ತಾನೆ ಎಂಬ ಒಂದು ಶಾಟ್‌ನಲ್ಲೇ ಚಿತ್ರದ ಅರ್ಧ ಧೋರಣೆ ತಿಳಿಯುತ್ತದೆ. ಡಿಮಿಲ್‌ನಲ್ಲಿ ಕುರುಡು ಹುಡುಗಿಯೊಬ್ಬಳ ಕಣ್ಣು ತೆರೆದಾಗ ಮಬ್ಬು ಬೆಳಕಿನೊಳಗಿಂದ ಅವನ ಮುಖ ಮೂಡುತ್ತದೆ, ಅಂದರೆ ಪ್ರೇಕ್ಷಕನೇ ಕುರುಡ. 1959ರ 'ಬೆನ್‌ಹರ್'ನಲ್ಲಿ ಮುಖವೇ ಇಲ್ಲ. ಬಾಯಾರಿ ಬಿದ್ದ ಕೈದಿಗೆ ನೀರು ಕೊಡುವ ಕೈ ಮತ್ತು ಬೆನ್ನು ಕಾಣುತ್ತದೆ. ಬೈಯಲು ಬಂದ ರೋಮನ್ ಅಧಿಕಾರಿ ಅವನ ಮುಖ ನೋಡಿ ಸುಮ್ಮನಾಗುವುದನ್ನು ನಾವು ಅಧಿಕಾರಿಯ ಮುಖದಲ್ಲಿ ಓದಬೇಕು. 1961ರ 'ಕಿಂಗ್ ಆಫ್ ಕಿಂಗ್ಸ್'ನ ಜೆಫ್ರಿ ಹಂಟರ್, 1977ರ 'ಜೀಸಸ್ ಆಫ್ ನಜರೆತ್'ನ ರಾಬರ್ಟ್ ಪೊವೆಲ್ ನೀಲಿ ಕಣ್ಣಿನ ಯೇಸುಗಳು. ಪೊವೆಲ್ ರೆಪ್ಪೆ ಹೊಡೆಯುವುದೇ ಅಪರೂಪ, ಬೇಕಾದರೆ ಎಣಿಸಿ. ತೆಲುಗಿನ 'ಕರುಣಾಮಯುಡು' (1978) ಶಿಲುಬೆಯ ದಾರಿಯನ್ನು ಹಾಡೊಂದರ ಮೇಲೆ ಸಾಗಿಸುತ್ತದೆ. ಅದನ್ನು ನಮ್ಮ ಭಕ್ತಿಚಿತ್ರಗಳ ಜೊತೆಗಿಟ್ಟು ನೋಡಬೇಕು. ಈ ನಂಟು ಹೊಸದೇನಲ್ಲ: ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡುತ್ತಾ ಕೃಷ್ಣ ರಾಮರನ್ನು ಕಣ್ಮುಂದೆ ತಂದುಕೊಂಡದ್ದಾಗಿ ಫಾಲ್ಕೆಯವರೇ ಬರೆದಿದ್ದಾರೆ. ಅವರ 'ರಾಜಾ ಹರಿಶ್ಚಂದ್ರ' 1913ರಲ್ಲಿ ಬಂತು.

ಶಿಲುಬೆ ಮತ್ತು ಆಮೇಲೆ

ಶಿಲುಬೆಯ ಮೇಲಿಂದ ಯೇಸು ಆಡುವ ಮಾತು ಎಣಿಸಿ. ಮಾರ್ಕ ಮತ್ತು ಮತ್ತಾಯನಲ್ಲಿ ಒಂದೇ, ಅದೂ ಒಂದೇ ಮಾತು: ದೇವರೇ, ಯಾಕೆ ನನ್ನ ಕೈಬಿಟ್ಟೆ. ಲೂಕನಲ್ಲಿ ಬೇರೆ ಮೂರು, ಯೋಹಾನನಲ್ಲಿ ಮತ್ತೆ ಬೇರೆ ಮೂರು. ಏಳೂ ಬಂದರೆ ಅದು ಶುಭ ಶುಕ್ರವಾರದ ಆರಾಧನೆಯಿಂದ ಕಲಿತ ಚಿತ್ರ. ಲೆಕ್ಕ ಸರಿಹೋದರೂ ಧ್ವನಿ ಬದಲಾಗುತ್ತದೆ: ಮಾರ್ಕನಲ್ಲಿ ಒಬ್ಬಂಟಿಯಾಗಿ ಕೂಗಿ ಸಾಯುವವನು ಏಳು ಮಾತಿನ ಚಿತ್ರದಲ್ಲಿ ತಾಯಿಗೆ ಆಸರೆ ಒದಗಿಸಿ, ಪಕ್ಕದ ಕಳ್ಳನಿಗೆ ಮಾತು ಕೊಟ್ಟು, ಎಲ್ಲ ತೀರಿಸಿ ಸಾಯುತ್ತಾನೆ. ಮರದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ರೋಮನ್ನರು ಕೈದಿಯಿಂದ ಹೊರಿಸುತ್ತಿದ್ದದ್ದು ಸಾಮಾನ್ಯವಾಗಿ ಅಡ್ಡತೊಲೆ ಮಾತ್ರ. ಗಿಬ್ಸನ್‌ನಲ್ಲಿ ಇಬ್ಬರು ಕಳ್ಳರು ತೊಲೆಯನ್ನಷ್ಟೇ ಹೊತ್ತಿದ್ದರೆ ಯೇಸು ಪೂರ್ತಿ ಶಿಲುಬೆ ಹೊರುತ್ತಾನೆ: ಒಂದೇ ಚೌಕಟ್ಟಿನಲ್ಲಿ ಇತಿಹಾಸವೂ ಚಿತ್ರಕಲೆಯೂ.

ಕೊನೆಗೆ ಪುನರುತ್ಥಾನ. ಯೇಸು ಎದ್ದ ಆ ಕ್ಷಣವನ್ನು ನಾಲ್ವರಲ್ಲಿ ಯಾರೂ ವರ್ಣಿಸಿಲ್ಲ. ಹೆಂಗಸರು ಬರುವ ಹೊತ್ತಿಗೆ ಸಮಾಧಿ ಖಾಲಿ. ಹಾಗಾಗಿ ಕ್ಯಾಮೆರಾ ಸಮಾಧಿಯ ಒಳಗೆ ಹೊಕ್ಕಿತೆಂದರೆ ಐದನೇ ಅಂಕಣ. ಡಿಮಿಲ್ ತನ್ನ ಕಪ್ಪುಬಿಳುಪು ಚಿತ್ರದಲ್ಲಿ ಈ ಭಾಗಕ್ಕೆ ಟೆಕ್ನಿಕಲರ್ ಬಣ್ಣ ತಂದ. ಗಿಬ್ಸನ್‌ ಕುಸಿಯುವ ಹೆಣವಸ್ತ್ರವನ್ನೂ ತೂತುಬಿದ್ದ ಅಂಗೈಯನ್ನೂ ತೋರಿಸಿ ಮುಗಿಸಿದ. 1973ರ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' ಏನನ್ನೂ ತೋರಿಸುವುದಿಲ್ಲ: ನಟರೆಲ್ಲ ಬಸ್ ಹತ್ತುತ್ತಾರೆ, ಯೇಸುವಾಗಿದ್ದವನು ಹತ್ತುವುದಿಲ್ಲ, ಶಿಲುಬೆ ಹಿಂದೆ ಉಳಿಯುತ್ತದೆ. ಮಾರ್ಕ 16:8ರ ಹತ್ತಿರ ಬರೆದುಬಿಡೋಣ ಎನಿಸುತ್ತದೆ, ಅಲ್ಲಿ ಹೆಂಗಸರು ಹೆದರಿ ಯಾರಿಗೂ ಏನೂ ಹೇಳದೆ ಓಡುತ್ತಾರಲ್ಲ. ಬರೆಯಬೇಡಿ. ಮಾರ್ಕನಲ್ಲಿ ಖಾಲಿ ಸಮಾಧಿಯಾದರೂ ಇದೆ.